ಮೊದಲ ಸಮುದ್ರ ಅಂಡಮಾನಿನದೇ ಆಗಬೇಕೇ?

ಪರ

ನಮ್ಮವ್ವ ಅರವತ್ತೆಂಟು ವರ್ಷ ಸಮುದ್ರದ ತಳದ ಮೇಲೇ ಓಡಾಡಿದವಳು. ಕಲಬುರಗಿಯ ಪಡಸಾಲೆಗಳಿಗೆ ಹಾಸುವ ಶಹಾಬಾದಿ ಪರ್ಸಿ ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಕಡಲಿನ ಕೆಸರು ಪದರು ಪದರಾಗಿ ಗಟ್ಟಿಯಾದದ್ದು. ಆದರೆ ಅವ್ವ ಕಂಡ ದೊಡ್ಡ ನೀರೆಂದರೆ ಗಾಣಗಾಪುರದ ಸಂಗಮ ಮತ್ತು ಮಳೆಗಾಲದ ಭೀಮೆ. ಮಂಡಿನೋವು ಇನ್ನೂ ಹೆಚ್ಚಾಗುವ ಮೊದಲು ಅಂಡಮಾನ್ ತೋರಿಸಬೇಕೆಂದು ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದೆವು.

ಕಾರವಾರ ಹತ್ತಿರ ಇತ್ತಲ್ಲ ಎಂದವರೇ ಹೆಚ್ಚು. ಅದನ್ನೂ ನೋಡೋಣ. ಆದರೆ ಸ್ವರಾಜ್ ದ್ವೀಪದ (2018ರವರೆಗೆ ಅದು ಹ್ಯಾವ್‌ಲಾಕ್) ರಾಧಾನಗರ ತೀರದಲ್ಲಿ ಕಾಡು ಮರಳಿನ ಅಂಚಿಗೇ ಬಂದು ನಿಲ್ಲುತ್ತದೆ, ಮೊಣಕಾಲುದ್ದ ನೀರಿನಲ್ಲೂ ಕಾಲ್ಬೆರಳು ಕಾಣುತ್ತವೆ. ಇಳಿತಕ್ಕೆ ಬಯಲಾದ ಮರಳಿನ ಮೇಲೆ ಅಲೆ ಎಳೆದ ಗೆರೆ ನೋಡಿ ಅವ್ವ, "ಹರಗಿದ ಹೊಲದಂಗ ಅದಲ್ಲೋ" ಎಂದು ಬಗ್ಗಿ ಮುಟ್ಟಿದಳು. ಐದು ಗಂಟೆಗೆಲ್ಲ ಹೊತ್ತು ಮುಳುಗಿತು. ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಊರಲ್ಲಿ ಆಗ ಇನ್ನೂ ಬಿಸಿಲು.

ಹೋಗಲೇಬೇಕು ಎನ್ನಲು ನನ್ನ ದೊಡ್ಡ ಕಾರಣ ಕಡಲಲ್ಲ, ಸೆಲ್ಯುಲರ್ ಜೈಲು. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು. ಅಲ್ಲಿ 1906ರಲ್ಲಿ ಮುಗಿದ ಆ ಕಟ್ಟಡದ ಏಳು ಸಾಲುಗಳಲ್ಲಿ ಉಳಿದಿರುವುದು ಮೂರು. ಒಂದು ಸಾಲಿನ ಮುಖಕ್ಕೆ ಇನ್ನೊಂದರ ಬೆನ್ನು, ಕೈದಿಗೆ ಕೈದಿಯ ಮುಖ ಕಾಣಬಾರದೆಂದು. ಎಣ್ಣೆಗಾಣದ ಮುಂದೆ ಅವ್ವ ನಿಂತುಬಿಟ್ಟಳು. "ಎತ್ತು ಕಟ್ಟೋ ಗಾಣಕ್ಕ ಮನಷ್ಯಾರನ್ನ ಕಟ್ಟಿದ್ರಾ?" ಅವಳು ಗಾಣ ಕಂಡವಳು, ಅದರ ಭಾರ ಅವಳಿಗೆ ಗೊತ್ತು. ಪಾಠದಲ್ಲಿ ಕರಿನೀರಿನ ಶಿಕ್ಷೆ ಎಂದು ಓದಿದ ನನಗೆ ಅದು ಅರ್ಥವಾದದ್ದು ಆ ಕ್ಷಣದಲ್ಲಿ.

ವಿರೋಧ

ಅವ್ವನಿಗೆ ಸಮುದ್ರ ತೋರಿಸಬೇಡಿ ಎಂದು ಯಾರೂ ಹೇಳರು. ನನ್ನ ತಕರಾರು ನಾವು ಹೋಗುವ ತಿಂಗಳಿನದು, ಅಲ್ಲಿ ನಡೆದುಕೊಳ್ಳುವ ರೀತಿಯದು.

ಡಿಸೆಂಬರಿನಲ್ಲಿ ಹೋಗುವವರು ಪುಣ್ಯವಂತರು. ಮಕ್ಕಳಿರುವ ಮನೆಯವರು ಹೊರಡುವುದು ಏಪ್ರಿಲ್-ಮೇ ರಜೆಗೆ. ನಾವೂ ಮೇ ತಿಂಗಳಲ್ಲೇ ಹೋದೆವು. ಶ್ರೀ ವಿಜಯಪುರಂ ಕುಡಿಯುವುದು ಮುಖ್ಯವಾಗಿ ಧನಿಖಾರಿ ಅಣೆಕಟ್ಟಿನ ಮಳೆನೀರು. ಮಳೆಗೆ ಮುಂಚಿನ ಆ ದಿನಗಳಲ್ಲಿ ನಲ್ಲಿಗೆ ನೀರು ಬಿಟ್ಟು ಬಿಟ್ಟು ಬರುತ್ತದೆ. ನಮ್ಮ ಕೋಣೆಯ ಷವರ್ ಮಾತ್ರ ಧಾರಾಳ. ಬೆಳಿಗ್ಗೆ ಕಿಟಕಿ ತೆಗೆದರೆ ಕೆಳಗಿನ ಓಣಿಯಲ್ಲಿ ಕೊಡಗಳ ಸಾಲು! ಕಲಬುರಗಿಯ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದವಳು ನಾನು. ಆ ಸಾಲು ನೋಡಿದ ಮೇಲೆ ಸ್ನಾನ ಮಾಡಲು ಮನಸ್ಸಾಗಲಿಲ್ಲ.

ದುಡ್ಡೂ ಸಣ್ಣದಲ್ಲ. ನಾಲ್ವರಿಗೆ ಒಂದು ಲಕ್ಷ ದಾಟಿತು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಎಂದು ಹಿಡಿದರೆ ಅದು ಹನ್ನೆರಡೂವರೆ ಕ್ವಿಂಟಲ್ ತೊಗರಿ. ಮೇಲಾಗಿ ಗಾಳಿ ಎದ್ದು ಹಡಗು ರದ್ದಾಗಿ ಒಂದು ದಿನ ಜೆಟ್ಟಿಯಲ್ಲೇ ಕಳೆಯಿತು.

ಇನ್ನು ಹವಳ. 2010ರಲ್ಲಿ ನೀರು ಕಾದು ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತು. ಹವಳ ಕಲ್ಲಲ್ಲ, ಜೀವ. ಬಣ್ಣ ಮತ್ತು ಬಹುಪಾಲು ಅನ್ನ ಕೊಡುವುದು ಅದರ ಮೈಯೊಳಗಿನ ಪಾಚಿ. ಶಾಖ ಹೆಚ್ಚಿದರೆ ಆ ಪಾಚಿ ಹೊರಟುಹೋಗುತ್ತದೆ, ಬೇಗ ಮರಳದಿದ್ದರೆ ಹವಳ ಹಸಿದು ಸಾಯುತ್ತದೆ. ಎಲಿಫೆಂಟ್ ಬೀಚ್‌ನಲ್ಲಿ ಈಜು ಬಾರದ ನಮ್ಮಂಥವರು ಟ್ಯೂಬ್ ಹಿಡಿದು ತೇಲುತ್ತೇವೆ, ದಣಿವಾದರೆ ಕಾಲೂರುತ್ತೇವೆ. ಕಾಲೂರಿದ್ದು ಯಾವುದರ ಮೇಲೆ ಎಂದು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ನಾನೂ ಒಮ್ಮೆ ನಿಂತೆ. ಪಾದದಡಿ ಏನೋ ಚಟ್ಟೆಂದು ಮುರಿಯಿತು.

ಮರಳುವಾಗ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಗನ ಚೀಲದಿಂದ ಬೆರಳುದ್ದದ ಬಿಳಿ ತುಂಡೊಂದು ಹೊರಬಂತು. ಒಯ್ಯುವಂತಿಲ್ಲ ಎಂದರು. "ಇದು ಸತ್ತದ್ದೇ ಅಲ್ಲೇನಮ್ಮ?" ಎನ್ನುತ್ತ ಅವನು ಅದನ್ನು ಟ್ರೇಯಲ್ಲಿ ಮೆಲ್ಲಗೆ ಇಟ್ಟ. ಟ್ರೇಯಲ್ಲಿ ಅಂಥವು ಇನ್ನೂ ಎಷ್ಟೋ ಬಿದ್ದಿದ್ದವು.