ಶಾಲೆ ಬಿಟ್ಟ ಮಾಸ್ತರರ ಗಣತಿ ಯಾವಾಗ?

ಹೇಳದೆ ಕೇಳದೆ ಏಳು ದಿನ ಶಾಲೆಗೆ ಬಾರದ ಮಗುವನ್ನು ನಮ್ಮ ರಾಜ್ಯದ ನಿಯಮ ‘ಶಾಲೆಯಿಂದ ಹೊರಗುಳಿದ ಮಗು’ ಅನ್ನುತ್ತದೆ. ಹುಡುಕಿಸಿ ವಾಪಸ್ ಕರೆತರಬೇಕು. ಒಳ್ಳೇದೇ. ಯಾದಗಿರಿ ಕಡೆ ಹುಡುಕೋದು ಕಷ್ಟವೂ ಅಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಬೆಳಿಗ್ಗೆ ಕೂಲಿಯವರನ್ನು ಹೊತ್ತು ಹೊರಡುವ ಟಂಟಂ ಆಟೊ ನಿಲ್ಲಿಸಿದರೆ ಅರ್ಧ ಕ್ಲಾಸು ಅಲ್ಲೇ ಸಿಗುತ್ತದೆ. ಉಳಿದವರು ಅಪ್ಪ ಅವ್ವನ ಜೊತೆ ಗುಳೆ ಹೋಗಿರುತ್ತಾರೆ.

ನನ್ನ ತಕರಾರು ಬೇರೆ. ವರ್ಷಗಟ್ಟಲೆ ಬಾರದ ಮಾಸ್ತರರಿಗೆ ಏನನ್ನಬೇಕು? ಅವರಿಗೆ ‘ಖಾಲಿ ಹುದ್ದೆ’ ಅಂತ ಹೆಸರಿಟ್ಟು ಸುಮ್ನಾಗಿದ್ದೇವೆ. ಹುಡುಕಾಟ ಇಲ್ಲ, ನೋಟಿಸ್ ಇಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಬಲು ಉದಾರಿ. ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಮಾಸ್ತರರು ಬೇಕೇ ಬೇಕು ಅನ್ನುತ್ತದೆ. ಅಂದರೆ ಒಬ್ಬರೇ ಮಾಸ್ತರರಿರುವ ತಾಂಡಾದ ಶಾಲೆ ಕಾಯಿದೆಯಲ್ಲಿ ಇಲ್ಲವೇ ಇಲ್ಲ. ಇಲ್ಲದ ಶಾಲೆಗೆ ಇನ್ನೊಬ್ಬರನ್ನು ಯಾರು ಕಳಿಸ್ತಾರೆ ಹೇಳಿ! ಖಾಲಿ ಹುದ್ದೆ ಶೇ 10 ಮೀರಬಾರದು ಅಂತಲೂ ಅದೇ ಕಾಯಿದೆ ಹೇಳುತ್ತದೆ. ಮೀರಿದೆಯೋ ಇಲ್ಲವೋ ಮಕ್ಕಳೇ ಲೆಕ್ಕ ಹಾಕಿ ಹೇಳುತ್ತಿದ್ದರು. ಆದರೆ ಗಣಿತದ ಹುದ್ದೆಯೇ ಖಾಲಿ.

ಇರುವ ಒಬ್ಬ ಮಾಸ್ತರರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನೋದು ಅದೇ ಕಾಯಿದೆಯ 27ನೇ ಕಲಮು. 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಬಂತು. ಮಾಸ್ತರರು ಮನೆ ಮನೆ ಎಣಿಸಲು ಹೋದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. ಶೈಕ್ಷಣಿಕ ಸ್ಥಿತಿ ತಿಳಿಯಲು ಶಾಲೆ ಮುಚ್ಚಿದ ಕೀರ್ತಿ ನಮ್ಮದು. ನಿಮ್ಮೂರಲ್ಲಿ ಎಷ್ಟು ಮಕ್ಕಳು ಶಾಲೆಗೆ ಹೋಗ್ತಾರೆ ಅಂತ ಮಾಸ್ತರರೇ ಬಂದು ಕೇಳಿದರೆ ಜನ ಏನಂತಾರೆ? “ನೀವs ಇಲ್ಲಿ ಬಂದೀರಲ್ರೀ ಸರ್, ಅವು ಎಲ್ಲಿಗಿ ಹೋಗ್ಬೇಕ್ರೀ?”

ಆದ್ದರಿಂದ ನನ್ನದೊಂದು ಸಲಹೆ. ‘ಶಾಲೆಯಿಂದ ಹೊರಗುಳಿದ ಮಾಸ್ತರರ ಸಮೀಕ್ಷೆ’ ನಡೆಯಲಿ. ಏಳು ದಿನ ತುಂಬಿದ ಖಾಲಿ ಹುದ್ದೆಗೆ ನೋಟಿಸ್ ಅಂಟಿಸಲಿ. ವಿಧಾನಸೌಧದ ಬಾಗಿಲಿಗೇ ಆಗಲಿ. ಎಣಿಸೋ ಕೆಲಸಕ್ಕೆ ಯಾರು ಅಂತೀರಾ? ಆದೇಶ ಆಗಲೇ ತಯಾರಾಗಿರುತ್ತದೆ: ತಾಂಡಾದಲ್ಲಿ ಉಳಿದಿರುವ ಆ ಒಬ್ಬ ಮಾಸ್ತರರು ನಾಳೆಯಿಂದ ಶಾಲೆಗೆ ಬೀಗ ಹಾಕಿ ಹೊರಡತಕ್ಕದ್ದು.