ಫಲಕ ಒರೆಸುವ ಕೈಗಾರಿಕಾ ನೀತಿ

ತುಮಕೂರು ಜಿಲ್ಲೆಯ ಪಾವಗಡವನ್ನು ಸೌರ ಕೈಗಾರಿಕೆಗಳ ಕ್ಲಸ್ಟರ್, ಅಂದರೆ ಒಂದೇ ಕಡೆ ನೆಲೆಸಿದ ಕಾರ್ಖಾನೆಗಳ ಗುಂಪು, ಆಗಿ ಬೆಳೆಸುವ ಬಗೆಯನ್ನು ಚರ್ಚಿಸಬೇಕಾದರೆ ಬೆಂಗಳೂರಿನ ಹೋಟೆಲೊಂದರಲ್ಲಿ ಪರದೆ ಎಳೆದ, ತಣ್ಣನೆಯ ಸಭಾಂಗಣವೇ ಆಗಬೇಕು. ಏಕೆಂದರೆ ಪಾವಗಡದಲ್ಲಿ ಬಿಸಿಲು ಜಾಸ್ತಿ, ಅಲ್ಲಿ ಕುಳಿತು ಬಿಸಿಲಿನ ಬಗ್ಗೆ ಗಂಭೀರವಾಗಿ ಯೋಚಿಸಲಾಗುವುದಿಲ್ಲ.

ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಯಿಂದ ಆರಂಭಿಸಿ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಕಟ್ಟಿದ್ದು ಜಾಣತನದ ಕೆಲಸವೇ ಸರಿ. ಮಳೆಯನ್ನು ನಂಬಿದ ಕಡಲೆಕಾಯಿ ಕೊಡಲಾರದ ಖಚಿತ ಆದಾಯ ಅದರಿಂದ ಭೂಮಾಲೀಕರಿಗೆ ಬಂತು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆ ಪತ್ರದಲ್ಲಿ ಹೆಬ್ಬೆಟ್ಟು ಒತ್ತುವಷ್ಟು ಜಾಗವೂ ಇರಲಿಲ್ಲ.

ಇನ್ನು ಕೈಗಾರಿಕೆಯ ಮಾತು. ಪಾರ್ಕ್ ತಲೆಯೆತ್ತಿದ ವರ್ಷಗಳಲ್ಲಿ ದೇಶಕ್ಕೆ ಬೇಕಾದ ಸೌರ ಫಲಕಗಳಲ್ಲಿ ಬಹುಪಾಲು ಚೀನಾದಿಂದ ಬರುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಆಮದು ಫಲಕಗಳ ಮೇಲೆ ಶೇ 40ರಷ್ಟು ಸುಂಕ ಬಿದ್ದ ಮೇಲೆ ಸ್ವದೇಶಿ ಕಾರ್ಖಾನೆಗಳಿಗೆ ಹುರುಪು ಬಂದದ್ದು ನಿಜ. ಅವು ಬೆಳೆದದ್ದು ಮಾತ್ರ ಗುಜರಾತಿನ ಮುಂದ್ರಾ, ತಮಿಳುನಾಡಿನ ತಿರುನಲ್ವೇಲಿಯಂತಹ ಕಡೆ. ಪಾವಗಡದವರ ಪಾಲಿಗೆ ಫಲಕದ ಧೂಳು ತೊಳೆಯುವುದು, ಅದರ ಅಡಿಯ ಹುಲ್ಲು ಕೊಯ್ಯುವುದು, ಗೇಟು ಕಾಯುವುದು ಉಳಿದವು.

ಇದನ್ನು ಕೊರತೆಯೆಂದು ಕಾಣುವವರಿಗೆ ದೂರದೃಷ್ಟಿಯಿಲ್ಲ. ಒರೆಸುವ ಕೆಲಸಕ್ಕೆ 'ಫಲಕ ನಿರ್ವಹಣಾ ಕೌಶಲಾಭಿವೃದ್ಧಿ' ಎಂದು ಹೆಸರಿಟ್ಟು, ಮೂರು ದಿನದ ತರಬೇತಿಯ ಕೊನೆಗೆ ಪ್ರಮಾಣಪತ್ರ ಹಂಚಿದರೆ ಮಾನವ ಸಂಪನ್ಮೂಲ ಸಿದ್ಧವಾಗುತ್ತದೆ. ಒರೆಸುವ ಬಟ್ಟೆ ಹೊಲಿಯುವ ಘಟಕ ತಿರುಮಣಿಯಲ್ಲಿ, ಬಕೆಟ್ ಘಟಕ ವಳ್ಳೂರಿನಲ್ಲಿ ಸ್ಥಾಪಿಸಿ, ಎರಡಕ್ಕೂ ಏಕಗವಾಕ್ಷಿಯಲ್ಲಿ ಅನುಮತಿ ಕೊಟ್ಟರೆ ಪೂರೈಕೆ ಸರಪಳಿಯೂ ಪೂರ್ಣವಾಗುತ್ತದೆ. ಬಕೆಟ್ಟಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು, ಫ್ಲೋರೈಡ್ ಬೆರೆತ ಅಂತರ್ಜಲವನ್ನು ವರ್ಷಗಟ್ಟಲೆ ಶುದ್ಧೀಕರಿಸಿ ಕುಡಿದ ತಾಲ್ಲೂಕಿನಲ್ಲಿ ಕೇಳುವುದು ಹೂಡಿಕೆದಾರರ ಉತ್ಸಾಹಕ್ಕೆ ಒಳ್ಳೆಯದಲ್ಲವಾದ್ದರಿಂದ, ಅದನ್ನು ಎರಡನೇ ಹಂತಕ್ಕೆ ಬಿಡಬಹುದು.

ಎರಡನೇ ಹಂತದಲ್ಲಿ ನೀರೇ ಬೇಡದ, ಫಲಕಗಳನ್ನು ತಾವಾಗಿಯೇ ಒರೆಸುವ ರೋಬೊಟ್‌ಗಳು ಬರಲಿವೆ. ಅವು ಮಾರುಕಟ್ಟೆಯಲ್ಲಿ ಈಗಾಗಲೇ ಇವೆ. ಹಾಗಾದರೆ ತರಬೇತಿ ಪಡೆದ ಹುಡುಗರು ಏನು ಮಾಡಬೇಕೆಂದು ಕೇಳುವ ನಿರಾಶಾವಾದಿಗಳಿಗೂ ನೀತಿಯಲ್ಲಿ ಉತ್ತರವಿದೆ: ರೋಬೊಟ್ಟಿನ ಮೈಮೇಲೆ ಕೂತ ಧೂಳನ್ನು ಯಾರಾದರೂ ಒರೆಸಲೇಬೇಕಲ್ಲ!