ಒಬ್ಬರೇ ಇದ್ದವರೆಲ್ಲ ಒಂಟಿಗಳಲ್ಲ

‘ಒಬ್ಬರೇ ವಾಸಿಸುವುದು ದಿನಕ್ಕೆ 15 ಸಿಗರೇಟ್ ಸೇದಿದಂತೆ: ಡಾ. ವಿವೇಕ್ ಮೂರ್ತಿ’ ಎಂಬ ವಾಟ್ಸಾಪ್ ಸಂದೇಶ ಮತ್ತೆ ಓಡಾಡುತ್ತಿದೆ. ಮಂಡ್ಯ ಮೂಲದವರಲ್ಲವೇ, ಫಾರ್ವರ್ಡ್ ಮಾಡಲು ನಮ್ಮವರಿಗೆ ಉತ್ಸಾಹ ಜಾಸ್ತಿ. ಅವರು ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಸರ್ಕಾರದ ಪ್ರಮುಖ ವೈದ್ಯ) ಆಗಿದ್ದಾಗ, 2023ರಲ್ಲಿ ಬಂದ ವರದಿಯಲ್ಲಿ ಸಿಗರೇಟಿನ ಹೋಲಿಕೆ ಇರುವುದು ನಿಜ. ಆದರೆ ಅದು ಒಟ್ಟಾರೆ ಸಾಮಾಜಿಕ ಸಂಪರ್ಕವೇ ಇಲ್ಲದಿರುವುದರ ಬಗ್ಗೆ, ಅಕಾಲ ಮರಣದ ಅಪಾಯದ ಲೆಕ್ಕದಲ್ಲಿ. ಒಂಟಿತನ ಅನುಭವಿಸುವುದು ಬೇರೆ, ಒಬ್ಬರೇ ಇರುವುದು ಬೇರೆ.

ಇಂಥ ಸಂದೇಶ ಓದಿದವರ ಕಣ್ಣು ಮೊದಲು ಹೋಗುವುದು ಮಕ್ಕಳೆಲ್ಲ ವಿದೇಶದಲ್ಲಿರುವ ಅಜ್ಜಿಯ ಕಡೆಗೆ. ಅದೇ ವರದಿ ನೋಡಿದರೆ, ಅಮೆರಿಕದಲ್ಲಿ 65 ದಾಟಿದವರಿಗಿಂತ ಯುವಜನರೇ ಸುಮಾರು ಎರಡು ಪಟ್ಟು ಹೆಚ್ಚು ಒಂಟಿತನ ಹೇಳಿಕೊಂಡಿದ್ದಾರೆ. ಅಜ್ಜಿಗೆ ಭಜನಾ ಮಂಡಳಿಯಾದರೂ ಇದ್ದೀತು. ಪಿ.ಜಿ.ಯಲ್ಲಿ ಮೂವರ ಜೊತೆ ರೂಮು ಹಂಚಿಕೊಂಡು, ಇಯರ್‌ಫೋನ್ ತೆಗೆಯದೆ ಊಟ ಮುಗಿಸುವ ಹುಡುಗನನ್ನು ಯಾರೂ ‘ಪಾಪ’ ಅನ್ನುವುದಿಲ್ಲ.